ಬೆಚ್ಚುವುದನ್ನು ಬಿಟ್ಟಿದ್ದ ಕೂಸು

ಮಾಸ್ಕುಗಳು ಜನರ ಬಾಯಿಯಿಂದ ಗದ್ದಕ್ಕೆ ಜಾರಿದ್ದ ವರ್ಷ ಅದು. ಸರ್ಕಾರಿ ಆಸ್ಪತ್ರೆಯಲ್ಲಿ ಮಕ್ಕಳ ಸೈಕಾಲಜಿಸ್ಟ್ ಆಗಿ ನಿವೃತ್ತಳಾದ ಮೇಲೆ, ಜಯನಗರದ ಒಂದು ಔಷಧಿ ಅಂಗಡಿಯ ಮಹಡಿಯಲ್ಲಿದ್ದ ಸಣ್ಣ ಕ್ಲಿನಿಕ್ಕಿಗೆ ಕನ್ಸಲ್ಟೆಂಟ್ ಆಗಿ ಹೋಗುತ್ತಿದ್ದೆ. ಕಿಟಕಿಯಾಚೆ, ರಸ್ತೆ ಅಗಲ ಮಾಡುವವರ ಕಣ್ಣಿಗೆ ಇನ್ನೂ ಬೀಳದ ಒಂದು ಹೊಂಗೆ ಮರವಿತ್ತು. ನಮ್ಮ ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್, ಸೂಜಿ ಹಿಡಿಯುವ ಮೊದಲು "ಲುಕ್ ಫಸ್ಟ್, ಚೈಲ್ಡ್" ಎನ್ನುತ್ತಿದ್ದರು. ಮಾತು ಬಾರದ ಕೂಸುಗಳ ಜೊತೆ ಬದುಕಿಡೀ ಕೆಲಸ ಮಾಡಿದವಳಿಗೆ ಅದಕ್ಕಿಂತ ದೊಡ್ಡ ಟ್ರೈನಿಂಗ್ ಯಾರೂ ಕೊಡಲಿಲ್ಲ.

ಶ್ರಾವಣದ ಒಂದು ಬೆಳಿಗ್ಗೆ ಗಿರೀಶ, ಅವನ ಹೆಂಡತಿ ಸವಿತ ಮತ್ತು ತಾಯಿ ಗೌರಮ್ಮ ಬಂದರು. ಬನಶಂಕರಿಯಲ್ಲಿ ಅವರದು ಮಕ್ಕಳ ರೆಡಿಮೇಡ್ ಬಟ್ಟೆಯ ಅಂಗಡಿ. ಸವಿತಳ ತೊಡೆಯ ಮೇಲೆ ಇನ್ನೂ ವರ್ಷ ತುಂಬದ ವಿಹಾನ್, ಅಂಗಡಿಯ ಬೊಂಬೆಗೆ ತೊಡಿಸಿದಷ್ಟು ನೀಟಾದ ಜುಬ್ಬಾದಲ್ಲಿ, ಅಷ್ಟೇ ಅಲುಗಾಡದೆ ಕೂತಿದ್ದ.

"ಎಕ್ಸ್‌ಪ್ರೆಶನ್ ಬರ್ತಿಲ್ಲ ಮೇಡಂ," ಎಂದ ಗಿರೀಶ. "ಮೊದ್ಲು ಸಖತ್ತಾಗಿ ಬರ್ತಿತ್ತು. ಈಗ ಏನ್ ಮಾಡಿದ್ರೂ ಹಿಂಗೇ ಕೂತಿರ್ತಾನೆ."

"ಊರೋರ ಕಣ್ಣೆಲ್ಲ ಬಿದ್ದೈತೆ," ಎಂದರು ಗೌರಮ್ಮ. "ದಿನಾ ದೃಷ್ಟಿ ತೆಗೀತೀನಿ, ಹೋಗ್ತಿಲ್ಲ." ಸೊಸೆಯ ಕಡೆ ತಿರುಗಿ, "ಇವಳ ತಮ್ಮನೂ ಹಿಂಗೇ ಮಂಕಂತೆ. ಮಾತು ಬಂದಿದ್ದೇ ಸ್ಕೂಲಿಗೆ ಸೇರೋ ಹೊತ್ತಿಗೆ."

"ಅವನೀಗ ಲಾಯರ್, ಮೇಡಂ," ಎಂದಳು ಸವಿತ ಮೆಲ್ಲಗೆ.

"ಮಾತು ಬರದೇ ಇದ್ದಿದ್ರೇ ಚೆನ್ನಾಗಿರ್ತಿತ್ತು," ಎಂದು ಗಿರೀಶ ನಕ್ಕ.

ಕಿವಿ, ಕಣ್ಣು ನಾರ್ಮಲ್ ಎಂದು ಮಕ್ಕಳ ಡಾಕ್ಟರು ಬರೆದು ಕಳಿಸಿದ್ದರು. ಮಿದುಳಿನ ಬೆಳವಣಿಗೆಯಲ್ಲಿ ತೊಂದರೆ ಇದೆಯೇ ಎಂದು ನಾನು ಹೇಳಬೇಕಿತ್ತು. ಇದೆ ಎಂದರೆ ಆ ಮನೆಯಲ್ಲಿ ಸವಿತಳ ಗತಿ ಏನೆಂದು ಅವಳ ಮುಖ ನೋಡಿದರೇ ತಿಳಿಯುತ್ತಿತ್ತು.

ನಮ್ಮಲ್ಲೊಂದು ಟೆಸ್ಟ್ ಇದೆ. ವಯೊಲೇಷನ್ ಆಫ್ ಎಕ್ಸ್‌ಪೆಕ್ಟೇಶನ್, ಅಂದರೆ ಎಣಿಕೆ ಸುಳ್ಳಾಗಿಸುವುದು, ಎಂಬುದು ಅದರ ಭಾರೀ ಹೆಸರು. ಇಳಿಜಾರಿನ ಮೇಲೆ ಒಂದು ಚೆಂಡು ಉರುಳಿಸುತ್ತೇವೆ. ಅದು ಸಣ್ಣ ಪರದೆಯ ಹಿಂದೆ ಹೋಗುತ್ತದೆ. ಪರದೆ ಎತ್ತಿದರೆ, ಅಡ್ಡಲಾಗಿ ನಿಂತ ಗೋಡೆಯನ್ನು ತೂರಿಕೊಂಡು ಹೋದ ಹಾಗೆ ಚೆಂಡು ಆಚೆ ಬದಿಯಲ್ಲಿರುತ್ತದೆ. ಮೋಸವೇನೋ ನಮ್ಮದೇ, ಆದರೆ ಕೂಸು ಕಣ್ಣು ಕೀಳದೆ ನೋಡುತ್ತದೆ. ಆಮೇಲೆ ಚೆಂಡು ಕೈಗೆ ಕೊಟ್ಟರೆ, ಇದೆಂಥ ಚೆಂಡು ಎಂದು ಪರೀಕ್ಷಿಸುವಂತೆ ಮೇಜಿಗೆ ಕುಟ್ಟುತ್ತದೆ. ಎಣಿಸಿದ್ದು ತಪ್ಪಿದ ಕಡೆಯೇ ಮಿದುಳು ನಿಂತು ಕಲಿಯುತ್ತದೆ. ಬಟ್ ಮೈಂಡ್ ಯೂ, ತಪ್ಪಬೇಕಾದರೆ ಮೊದಲು ಎಣಿಸಿರಬೇಕು. ಲೋಕ ಸಾಮಾನ್ಯವಾಗಿ ಮಾತಿಗೆ ತಪ್ಪುವುದಿಲ್ಲವೆಂಬ ಧೈರ್ಯ ಇದ್ದವರಿಗೆ ಮಾತ್ರ ಆಶ್ಚರ್ಯ.

ಚೆಂಡು ಗೋಡೆ ದಾಟಿತು. ವಿಹಾನ್ ಅದರತ್ತ ನೋಡಲಿಲ್ಲ. ಕತ್ತು ಹೊರಳಿಸಿ ಅಪ್ಪನ ಕೈ ನೋಡಿದ.

ಗಿರೀಶನ ಕೈಯಲ್ಲಿ ಫೋನಿತ್ತು. ಕೆಳಗಿಡಲು ಹೇಳಿದೆ. ಮಗುವಿನ ಭುಜಗಳು ಇಳಿದವು. ಮತ್ತೆ ಎತ್ತಲು ಹೇಳಿದೆ. ಏನೂ ಆಗುವ ಮೊದಲೇ ವಿಹಾನ್ ಕಣ್ಣು ಬಿಗಿಯಾಗಿ ಮುಚ್ಚಿ, ಉಸಿರು ಹಿಡಿದು ಕಾದ.

"ನೋಡಿದ್ರಾ, ಏನ್ ಬ್ರೈಟು. ಕ್ಯಾಮೆರಾ ಅಂತ ಗೊತ್ತಾಗುತ್ತೆ," ಎಂದ ಗಿರೀಶ ಹೆಮ್ಮೆಯಿಂದ, ಅಂಗಡಿಯ ರೀಲ್ಸ್ ತೋರಿಸತೊಡಗಿದ. ಹೊಸ ಬಟ್ಟೆ ತೊಟ್ಟ ಮಗುವಿನ ತಲೆಯ ಹಿಂದೆ ಬಲೂನ್ ಒಡೆಯುತ್ತದೆ. ರಾಗಿ ಸರಿಗೆ ಬಾಯಿ ತೆರೆದರೆ ನಿಂಬೆಹೋಳು ಬರುತ್ತದೆ. ಒಂದರಲ್ಲಿ ಅಮ್ಮ ಬೆಡ್‌ಶೀಟ್ ಅಡ್ಡ ಹಿಡಿಯುತ್ತಾಳೆ, ಶೀಟ್ ಬಿದ್ದಾಗ ಅಮ್ಮ ಇರುವುದಿಲ್ಲ. ಮಗುವಿನ ಅಳು ತೆಗೆದು ನಗುವಿನ ಮ್ಯೂಸಿಕ್ ಹಾಕಿದ್ದರು. ಎಲ್ಲಕ್ಕಿಂತ ಹೆಚ್ಚು ಜನ ನೋಡಿದ್ದು ಅದನ್ನೇ.

"ಎಲ್ಲಿದ್ದೆ ನೀನು?" ಎಂದು ಸವಿತಳನ್ನು ಕೇಳಿದೆ.

"ಬಾತ್‌ರೂಮಲ್ಲಿ, ಮೇಡಂ. ಅವರು ಕರೆಯೋವರ್ಗೂ ಬರಬೇಡ ಅಂದಿದ್ರು."

ಮಗುವಿಗೆ ಕಾಯಿಲೆಯಿಲ್ಲ ಎಂದೆ. ಇನ್ನು ಮೇಲೆ ಬೋರ್ ಹೊಡೆಸುವುದೇ ಔಷಧಿ. ಅದೇ ಬಟ್ಟಲು, ಅದೇ ಹಾಡು. ಎತ್ತಿಕೊಳ್ಳುತ್ತೇನೆ ಎಂದರೆ ಎತ್ತಿಕೊಳ್ಳಬೇಕು. ರೀಲ್ಸ್ ಕೂಡದು.

"ಇಷ್ಟಕ್ಕೆ ಡಾಕ್ಟ್ರಾ?" ಎಂದರು ಗೌರಮ್ಮ.

ಸವಿತ ಮಗುವನ್ನು ತ್ಯಾಗರಾಜನಗರದ ತವರಿಗೆ ಕರೆದೊಯ್ದಳು. ವಾರಕ್ಕೊಮ್ಮೆ ನನ್ನಲ್ಲಿಗೆ ಬರುತ್ತಿದ್ದಳು. ಕೊನೆಯಲ್ಲಿ ಫೋನಿನ ಭಯ ಬಿಡಿಸಿದೆವು: ಫೋನನ್ನು ಮೊದಲು ದೂರದಲ್ಲಿ, ಆಮೇಲೆ ಹತ್ತಿರ, ಆಮೇಲೆ ಮುಖದೆದುರು ಹಿಡಿದು, ಪ್ರತಿ ಸಲವೂ ಅದರ ಹಿಂದಿನಿಂದ ಅಮ್ಮ "ಕೂ" ಎಂದು ಇಣುಕಬೇಕು. ಮತ್ತೇನೂ ಆಗಬಾರದು. ಮೊದಮೊದಲು ಮುಚ್ಚುತ್ತಿದ್ದ ಕಣ್ಣು ನಿಧಾನವಾಗಿ ತೆರೆದುಕೊಂಡಿತು. ಕೊನೆಕೊನೆಗೆ ಫೋನ್ ಕಂಡರೆ ಅಮ್ಮ ಇಣುಕುವ ಮೊದಲೇ ನಗುತ್ತಿದ್ದ.

ದಸರಾ ಕಳೆದ ಮೇಲೆ ಎಲ್ಲರನ್ನೂ ಕರೆಸಿ ಟೆಸ್ಟ್ ಮತ್ತೆ ಮಾಡಿದೆ. ಚೆಂಡು ಗೋಡೆ ದಾಟಿತು. ವಿಹಾನ್‌ನ ಹುಬ್ಬು ಏರಿತು, ಬಾಯಿ ತೆರೆಯಿತು. ನೋಡಿದ, ನೋಡುತ್ತಲೇ ಇದ್ದ. ಚೆಂಡು ಕೊಟ್ಟರೆ ಟಪಟಪ ಮೇಜಿಗೆ ಕುಟ್ಟಿ, ನನ್ನನ್ನು ಗದರಿಸುವ ಹಾಗೆ ಏನೋ ಅಂದ. ಸವಿತ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಎಕ್ಸ್‌ಪ್ರೆಶನ್ ಬಂತು," ಎಂದ ಗಿರೀಶ. ನನ್ನ ಕೈ ಕುಲುಕಿದ.

ದೀಪಾವಳಿಯ ವಾರ, ನಮ್ಮ ರಿಸೆಪ್ಷನಿಸ್ಟ್ ಹುಡುಗಿ ತನ್ನ ಫೋನನ್ನು ನನ್ನ ಮುಂದೆ ಹಿಡಿದಳು. "ನಮ್ಮ ವಿಹಾನ್ ಅಲ್ವಾ ಮೇಡಂ?" ರೇಷ್ಮೆ ಪಂಚೆ, ಶಲ್ಯ. ಮೇಲೆ ಬರೆದಿತ್ತು: ನಮ್ಮ ಹೀರೋ ವಾಪಸ್. ತಿರುಗದಂತೆ ಅವನ ತೋಳುಗಳನ್ನು ಹಿಂದಿನಿಂದ ಹಿಡಿದಿದ್ದ ಕೈಗಳಲ್ಲಿ ಸವಿತಳ ಹಸಿರು ಬಳೆಗಳಿದ್ದವು. ಬೆನ್ನ ಹಿಂದೆ ಪಟಾಕಿ ಸಿಡಿಯಿತು. ಕೊನೆಯಲ್ಲಿ ಗೌರಮ್ಮನ ಮುಷ್ಟಿ ಬಂದು, ಉಪ್ಪು ಮೆಣಸಿನಕಾಯಿಯಿಂದ ದೃಷ್ಟಿ ತೆಗೆಯಿತು.

ಗಿರೀಶನಿಗೆ ಫೋನ್ ಮಾಡಿದೆ.

"ನಾರ್ಮಲ್ ಅಂತ ನೀವೇ ತಾನೇ ಹೇಳಿದ್ದು, ಮೇಡಂ?" ಎಂದ. ಅವನ ದನಿಯಲ್ಲಿ ನಿಜವಾದ ಕೃತಜ್ಞತೆ ಇತ್ತು. ಸವಿತಳಿಗೆ ಕೊಡು ಎಂದೆ. ಅಂಗಡಿಯಲ್ಲಿ ಬಿಜಿ ಎಂದ. ಅವರು ಮತ್ತೆ ಬರಲಿಲ್ಲ.

ಅಂದಿನಿಂದ ಕೂಸಿನ ಭಯ ಬಿಡಿಸುವ ಮೊದಲು, ಆ ಭಯ ಅದನ್ನು ಏತರಿಂದ ಕಾಯುತ್ತಿದೆ ಎಂದು ಕೇಳುತ್ತೇನೆ. ಕಾಯುವ ಇನ್ನೊಬ್ಬರು ಮನೆಯಲ್ಲಿ ಸಿಗದಿದ್ದರೆ ಆ ಭಯವನ್ನು ಹಾಗೇ ಬಿಡುತ್ತೇನೆ. ಈ ಕೆಲಸ ನನಗೆ ಕಲಿಸಿದ್ದು ಇದು, ನಿವೃತ್ತಿಯಾದ ಮೇಲೆ.

ಆ ರೀಲನ್ನು ನಾನು ಒಂದೇ ಸಲ ನೋಡಿದ್ದು. ಪಟಾಕಿ ಸಿಡಿಯುವುದಕ್ಕೆ ಸ್ವಲ್ಪ ಮೊದಲು ವಿಹಾನ್ ಫೋನಿನ ಕಡೆ ನೋಡುತ್ತಾನೆ. ಕಣ್ಣು ಮುಚ್ಚುವುದಿಲ್ಲ. ಈಗ ಅಮ್ಮ ಇಣುಕುತ್ತಾಳೆಂದು ನಗುತ್ತಾನೆ.