ನಾನು ಬೀಳಿಸಿದ ಸೇತುವೆ

ಕಳೆದ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ನಾನು ಭೀಮಾ ನದಿಯ ಸೇತುವೆ ಬೀಳಿಸಿದೆ.

ಗಾಬರಿಯಾಗಬೇಡಿ. ಬಾಂಬು, ಮದ್ದುಗುಂಡು ಏನೂ ಬಳಸಲಿಲ್ಲ. (ನಮ್ಮ ಮನೆಯಲ್ಲಿ ಗ್ಯಾಸ್ ಒಲೆ ಹಚ್ಚುವುದಕ್ಕೂ ನನ್ನನ್ನು ಯಾರೂ ನಂಬುವುದಿಲ್ಲ.) ಬಳಸಿದ್ದು ಹೆಬ್ಬೆರಳು ಮಾತ್ರ. ಮೊಬೈಲ್‌ನಲ್ಲಿ ಎಂಟು ಸಾಲು ಬರೆದೆ, ಕಳಿಸಿದೆ, ಸೇತುವೆ ಬಿತ್ತು. ಅದರ ಹಿಂದೆಯೇ ನನ್ನ ತಂಗಿಯ ಮಗಳ ನಿಶ್ಚಯವೂ ಬೀಳುವುದರಲ್ಲಿತ್ತು.

ಇದಕ್ಕೆಲ್ಲ ಕಾರಣ ನಮ್ಮ ಖಾಸಿಂಸಾಬರು. ಆಳಂದದಲ್ಲಿ ನಮ್ಮದೇ ಓಣಿಯವರು, ಸೈನ್ಯದಲ್ಲಿ ಸುಬೇದಾರ್ ಆಗಿ ನಿವೃತ್ತರಾದವರು. ಗಡಿಯಲ್ಲಿ ನಿಂತದ್ದಕ್ಕಿಂತ ಹೆಚ್ಚು ವರ್ಷ ಅವರು ಮಾಡಿದ್ದು ಸುಳ್ಳು ಯುದ್ಧ ತಯಾರಿಸುವ ಕೆಲಸ. ಸೈನಿಕರ ಅಭ್ಯಾಸಕ್ಕೆ ಶತ್ರು ಯಾವ ಕಡೆಯಿಂದ ಬರಬೇಕು, ವೈರ್‌ಲೆಸ್ ಯಾವಾಗ ಕೆಡಬೇಕು, ಊಟದ ಗಾಡಿ ಎಲ್ಲಿ ದಾರಿ ತಪ್ಪಬೇಕು ಎಂಬುದನ್ನೆಲ್ಲ ಮೊದಲೇ ಬರೆದಿಡುವುದು. ಒಂಥರಾ ನಾಟಕದ ಮಾಸ್ತರ್ ಅನ್ನಿ. ವ್ಯತ್ಯಾಸ ಇಷ್ಟೇ, ಇಲ್ಲಿ ಪಾತ್ರಧಾರಿಗಳಿಗೆ ಕಥೆ ಗೊತ್ತಿರುವುದಿಲ್ಲ.

ಈಗ ಅವರು ಸೈನ್ಯ ಸೇರಬೇಕೆನ್ನುವ ಮೂವತ್ತು ಯುವಕರಿಗೆ ತರಬೇತಿ ಕೊಡುತ್ತಾರೆ. ಓಟ, ದಂಡ, ಬೈಠಕ್ ಎಲ್ಲ ಮುಗಿದಿತ್ತು. ಒಂದು ದಿನ ಚಹಾ ಕುಡಿಯುತ್ತ ನನ್ನ ಕಡೆ ತಿರುಗಿದರು.

“ರೈಟರ್ ಸಾಬ್, ಈಗಿನ ಜಂಗ್ ಬ್ಯಾರೆ ಅದ. ಮೊದಲನೇ ಗುಂಡು ಬಂದೂಕಿಂದ ಬರಂಗಿಲ್ಲ. ಮೊಬೈಲ್‌ನಾಗಿಂದ ಬರ್ತದ. ನನ್ನ ಹುಡುಗರಿಗೆ ಅದನ್ನ ಕಲಿಸಬೇಕು. ನೀವೊಂದು ಸುಳ್ಳ ಸುದ್ದಿ ಬರದ ಕೊಡ್ರಿ.”

“ನೀವೇ ಬರೀರಲ್ಲ ಸುಬೇದಾರ್ ಸಾಹೇಬ್ರ.”

“ನಾ ಬರದ್ರ ತಹಸೀಲ ಆಫೀಸಿನ ನೋಟೀಸ್ ಓದಿದಂಗ ಆಗ್ತದ್ರಿ. ಯಾರೂ ನಂಬಂಗಿಲ್ಲ. ನಿಮಗ ಪ್ರತಿ ವಾರ ಪೇಪರ್‌ನಾಗ ಬರದು ರೂಢಿ ಅದ.”

ಇದು ಹೊಗಳಿಕೆಯೋ ಬೈಗುಳವೋ ನನಗೆ ಇವತ್ತಿಗೂ ತಿಳಿದಿಲ್ಲ. ಆದರೆ ಒಪ್ಪಿಕೊಂಡೆ. ಬರೆಯಿರಿ ಅಂದರೆ ಸಾಕು, ಉಬ್ಬಿ ಹೋಗುವ ಜಾತಿ ನಮ್ಮದು.

ಅವರು ಎರಡೇ ನಿಯಮ ಹೇಳಿದರು. ಒಂದು, ಸುದ್ದಿಯ ಮೊದಲ ಸಾಲಿನಲ್ಲೂ ಕೊನೆಯ ಸಾಲಿನಲ್ಲೂ ‘ಇದು ಅಭ್ಯಾಸ ಮಾತ್ರ’ ಎಂದಿರಬೇಕು. ಇನ್ನೊಂದು, ನಿಜವಾದ ಊರಿನ ಹೆಸರು ಬರಬಾರದು. ಅವರ ನಕ್ಷೆಯಲ್ಲಿದ್ದ ಊರು ನೀಲಪುರ, ನದಿ ನೀಲಾ ನದಿ.

ನಿಯಮ ಹೇಳಿದವರು ಸೈನಿಕರು. ಕೇಳಿದವನು ಬರಹಗಾರ. ಏನಾಗುತ್ತದೆ ಹೇಳಿ?

ಭಾನುವಾರ ನಸುಕಿನಲ್ಲೇ ಭೂಸನೂರಿನ ಹತ್ತಿರದ ಒಂದು ಹೊಲ ಸೇರಿದೆವು. ತೊಗರಿ ಕಟಾವಾಗಿ ಬಯಲಾಗಿತ್ತು. ಪಕ್ಕದಲ್ಲಿ ಆಳೆತ್ತರದ ಕಬ್ಬು, ಗಾಳಿ ಬೀಸಿದಾಗೆಲ್ಲ ಸಕ್ಕರೆ ಕಾರ್ಖಾನೆಯ ವಾಸನೆ. ಸುಬೇದಾರರು ನೆಲದ ಮೇಲೆ ಮಣ್ಣಿನಲ್ಲೇ ನಕ್ಷೆ ಮಾಡಿದ್ದರು. ನೀಲಿ ರಂಗೋಲಿ ಪುಡಿಯೇ ನದಿ, ಒಂದು ಇಟ್ಟಿಗೆಯೇ ಕಾರ್ಖಾನೆ, ತೊಗರಿ ಕಟ್ಟಿಗೆಯೇ ರಸ್ತೆ. ಹೊಲದ ನಡುವಿನ ಕಾಲುವೆಗೆ ಅಡ್ಡ ಹಾಕಿದ್ದ ಒಂದು ಹಲಗೆಯೇ ನೀಲಪುರ ಸೇತುವೆ. ನೀಲಿ ತಂಡ ಅದನ್ನು ದಾಟಿ ಇಟ್ಟಿಗೆ ವಶಪಡಿಸಿಕೊಳ್ಳಬೇಕು. ಕೆಂಪು ತಂಡ ತಡೆಯಬೇಕು.

ಡ್ರೋನ್ ಕೂಡ ಇತ್ತು ಸ್ವಾಮಿ! ಮದುವೆ ಶೂಟಿಂಗ್ ಮಾಡುವವನಿಂದ ಎರವಲು ತಂದದ್ದು. ಓಡಿಸುವವನೂ ಅವನೇ. ಶತ್ರು ಎಲ್ಲಿದ್ದಾನೆ ನೋಡಯ್ಯಾ ಎಂದರೆ ರೂಢಿಬಲದಿಂದ ಒಬ್ಬೊಬ್ಬರ ಮುಖದ ಹತ್ತಿರ ಇಳಿಸಿ, “ಸ್ವಲ್ಪ ನಗ್ರಿ, ಈ ಕಡೆ ನೋಡ್ರಿ” ಎಂದು ಕೂಗುತ್ತಿದ್ದ. ಕಬ್ಬಿನಲ್ಲಿ ಅಡಗಿದ್ದ ಕೆಂಪು ತಂಡದವನೊಬ್ಬ ಪಾಪ, ಕೂದಲು ಸರಿಮಾಡಿಕೊಂಡು ಎದ್ದು ನಿಂತೇಬಿಟ್ಟ.

ಒಂಬತ್ತಕ್ಕೆ ನನ್ನ ಸರದಿ. ಅಭ್ಯಾಸದ ಗ್ರೂಪಿಗೆ ಸುದ್ದಿ ಬಿಡಬೇಕು. ಹಿಂದಿನ ದಿನವೇ ಬರೆದಿಟ್ಟದ್ದನ್ನು ಮತ್ತೊಮ್ಮೆ ಓದಿದೆ. ಚಪ್ಪೆ ಅನಿಸಿತು. ನೀಲಪುರವಂತೆ! ಅದು ಯಾವ ಜಿಲ್ಲೆಯಲ್ಲಿದೆ? ಅಳಿಸಿ, ಭೀಮಾ ದಡದ ‘ಘತ್ತರಗಿ’ ಎಂದು ಹಾಕಿದೆ. ಆಹಾ, ಸುದ್ದಿಗೆ ಜೀವ ಬಂತು. ‘ಕಂಬ ಸೀಳಿದ ಸದ್ದು ದೇವಸ್ಥಾನದವರೆಗೂ ಕೇಳಿಸಿತು, ಭಾಗ್ಯವಂತಿ ದೇವಿಯ ದರ್ಶನಕ್ಕೆ ಬಂದವರು ಬಟ್ಟೆಗಂಟು ಹಿಡಿದು ದಡದಲ್ಲೇ ನಿಂತಿದ್ದಾರೆ, ಒಂದು ಎಮ್ಮೆ ಮಾತ್ರ ಆಚೆ ದಾಟಿದೆ.’ ಆ ಎಮ್ಮೆ ನೋಡಿ, ಅದೇ ಕಲೆ. ಇನ್ನು ‘ಇದು ಅಭ್ಯಾಸ’ ಎಂಬ ಮೊದಲ ಸಾಲು. ಯಾವ ಸುಳ್ಳು ತಾನೇ ತನ್ನ ಪರಿಚಯ ತಾನೇ ಹೇಳಿಕೊಂಡು ಬರುತ್ತದೆ? ಅದನ್ನೂ ತೆಗೆದೆ. ಕೊನೆಯ ಸಾಲು ಇರಲಿ ಎಂದು ಬಿಟ್ಟೆ. ಸುಬೇದಾರರು ಡ್ರೋನ್ ಹಿಂದೆ ಓಡಾಡುತ್ತಿದ್ದರು, ನಾನು ಅವರನ್ನು ಕೇಳಲಿಲ್ಲ.

ಕೊನೆಯ ಸಾಲು ‘ರೀಡ್ ಮೋರ್’ ಕೆಳಗೆ ಅಡಗಿ ಕೂರುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ. (ಇಷ್ಟು ವರ್ಷದಿಂದ ಈ ಅಂಕಣ ಬರೆಯುತ್ತಿದ್ದೇನೆ. ಕೊನೆಯ ಸಾಲಿನವರೆಗೆ ಎಷ್ಟು ಜನ ಓದುತ್ತಾರೆ ಎಂಬುದಾದರೂ ನನಗೆ ಗೊತ್ತಿರಬೇಕಿತ್ತು.)

ಹೊಲದಲ್ಲಿ ಸುದ್ದಿ ಚೆನ್ನಾಗಿಯೇ ಕೆಲಸ ಮಾಡಿತು. ಅಲ್ಲಿದ್ದದ್ದು ಒಂದೇ ಸೇತುವೆ, ಆದ್ದರಿಂದ ಹೆಸರು ಬೇರೆಯಾದರೂ ನೀಲಿ ನಾಯಕನಿಗೆ ಅರ್ಥವಾಯಿತು. ತಕ್ಷಣ ಇಡೀ ತಂಡವನ್ನು ಕಬ್ಬಿನೊಳಗೆ ಸುತ್ತುಹಾದಿಗೆ ತಿರುಗಿಸಿದ. ಕಬ್ಬಿನ ಗರಿ ಕೈಕಾಲೆಲ್ಲ ಗೀರಿ, ಅರ್ಧ ಜನ ದಾರಿ ತಪ್ಪಿದರು, ಉಳಿದರ್ಧ ಜನ ಕಬ್ಬು ತಿನ್ನುತ್ತ ಕೂತರು. ಕೆಂಪು ತಂಡ ಒಂದೂ ಗುಂಡು ಹಾರಿಸದೆ ಗೆದ್ದಿತು. ನಾನು ಮೀಸೆ ತಿರುವಿದೆ. ಬದುವಿನ ಮೇಲೆ ಹತ್ತಿ ನಿಂತಿದ್ದರೆ ಸಾಕಿತ್ತು, ಆ ಹಲಗೆ ನೀಲಿ ತಂಡಕ್ಕೆ ಕಾಣುತ್ತಿತ್ತು. ಒಬ್ಬನೂ ಹತ್ತಲಿಲ್ಲ.

ಆಗ ಫೋನು ಬಂತು. ಅಫಜಲಪುರದಿಂದ ನನ್ನ ತಂಗಿ ಮಹಾದೇವಿ.

ಅವತ್ತು ಮಧ್ಯಾಹ್ನ ಅವಳ ಮಗಳು ಭಾಗ್ಯಶ್ರೀಯ ನಿಶ್ಚಯ. ಹುಡುಗನ ಕಡೆಯವರು ಜೇವರ್ಗಿಯವರು. ಘತ್ತರಗಿಯಲ್ಲಿ ಹೊಳೆ ದಾಟಿ, ದೇವಿಗೆ ಕಾಯಿ ಒಡೆಸಿ, ಅಫಜಲಪುರಕ್ಕೆ ಬರುವುದು ಎಂದು ಮಾತಾಗಿತ್ತು. ಸೋದರಮಾವನಾದ ನಾನು ಯುದ್ಧ ಮುಗಿಸಿ ಹನ್ನೆರಡಕ್ಕೆ ಅಲ್ಲಿರಬೇಕು. ಈ ನಿಶ್ಚಯ ಆಗಲೇ ಎರಡು ಸಲ ಮುಂದಕ್ಕೆ ಹೋಗಿತ್ತು. ಒಮ್ಮೆ ಅವರ ಮನೆಯಲ್ಲಿ ಸೂತಕ. ಇನ್ನೊಮ್ಮೆ ಮಳೆಗಾಲದಲ್ಲಿ ಭೀಮೆ ತುಂಬಿ ದಾರಿಯೇ ಬಂದ್.

“ಅಣ್ಣಾ, ಘತ್ತರಗಿ ಬ್ರಿಜ್ ಬಿದ್ದದಂತ! ಬೀಗರು ಅರ್ಧ ದಾರ್ಯಾಗ ಗಾಡಿ ನಿಲ್ಸ್ಯಾರ. ಹುಡುಗನ ಅಜ್ಜಾರು ಎರಡನೇ ಸಲಾನೂ ಹೊಳಿ ಬ್ಯಾಡ ಅನ್ನಾಕತ್ತದ, ಇದು ದೇವೀನ ಹೇಳಿದಂಗ, ಗಾಡಿ ತಿರಗಸ್ರಿ ಅಂದಾರಂತ. ಎಮ್ಮಿ ಒಂದೇ ದಾಟ್ಯಾದಂತ ಅಣ್ಣಾ...”

ಎಮ್ಮೆ. ನನ್ನ ಎಮ್ಮೆ!

ಸುಳ್ಳು ಹೇಳುವುದಿಲ್ಲ, ಮೊದಲ ಕ್ಷಣ ನನಗಾದದ್ದು ಸಂತೋಷ. ನನ್ನ ಯಾವ ಬರಹವೂ ಒಂದು ಗಂಟೆಯಲ್ಲಿ ಜೇವರ್ಗಿ ಮುಟ್ಟಿದ್ದಿಲ್ಲ. ಎರಡನೇ ಕ್ಷಣಕ್ಕೆ ಕಾಲ ಕೆಳಗಿನ ನೆಲ ಕುಸಿಯಿತು.

“ಅದು ಸುಳ್ಳವಾ. ಬ್ರಿಜ್‌ಗೆ ಏನೂ ಆಗಿಲ್ಲ.”

“ನಿನಗ ಹ್ಯಾಂಗ ಗೊತ್ತ?”

“ನಾನೇ ಬರದೇನಿ.”

ಆ ಕಡೆಯಿಂದ ಅಳುವಿಗೂ ಸಿಟ್ಟಿಗೂ ನಡುವಿನ ಒಂದು ದನಿ ಬಂತು. “ಅಣ್ಣಾ, ಈ ಸಂಬಂಧ ನಿನ್ನ ಮನಸಿಗೆ ಇದ್ದಿದ್ದಿಲ್ಲಂದ್ರ ಮೊದಲ ಹೇಳಬೇಕಿತ್ತಿಲ್ಲೋ?”

ಸುದ್ದಿ ಹೊರಬಿದ್ದದ್ದು ಹೇಗೆ? ವಿಚಾರಣೆಯಲ್ಲಿ ನೀಲಿ ತಂಡದ ಬಸವರಾಜ ಒಪ್ಪಿಕೊಂಡ. ಅವನ ತಾಯಿ ಅವತ್ತು ಘತ್ತರಗಿಗೆ ಹೋಗಿದ್ದರು. “ಅಭ್ಯಾಸದಾಗ ಬರೇ ನೀಲಪುರ ಅಂತಿದ್ರಿ ಸರ್. ಇದರಾಗ ಘತ್ತರಗಿ ಅಂತ ಬಂತು. ಹಂಗಾರ ಇದು ಖರೇ ಅದ ಅನಿಸ್ತು. ಅವ್ವಗ ಕಳಿಸಿದೆ” ಎಂದ. ಅವನ ತರ್ಕದಲ್ಲಿ ತಪ್ಪು ಹುಡುಕಲು ನನಗಂತೂ ಆಗಲಿಲ್ಲ. ತಾಯಿ ಅದನ್ನು ಪಕ್ಕದಲ್ಲಿ ಕೂತಿದ್ದ ಜೇವರ್ಗಿಯ ಹೆಂಗಸಿಗೆ ಕಳಿಸಿದರು, ಆಕೆ ಇಡೀ ಜೇವರ್ಗಿಗೆ. ಇಬ್ಬರೂ ಕೂತದ್ದು ಘತ್ತರಗಿಯ ಗುಡಿಯಲ್ಲೇ. ಎದ್ದು ನಾಲ್ಕು ಹೆಜ್ಜೆ ಹಾಕಿದ್ದರೆ ಸೇತುವೆಯನ್ನೇ ನೋಡಬಹುದಿತ್ತು!

ನಗಬೇಡಿ. ನೀವೂ ನಾನೂ ಅದನ್ನೇ ಮಾಡುತ್ತೇವೆ. ಸುಳ್ಳು ಸುದ್ದಿ ಹಬ್ಬಿಸುವವರು ಕಿಡಿಗೇಡಿಗಳು ಅಂದುಕೊಂಡಿದ್ದೆ. ನನ್ನ ಸುಳ್ಳನ್ನು ಹೊತ್ತು ಓಡಿದವರಲ್ಲಿ ಒಬ್ಬ ಕಿಡಿಗೇಡಿಯೂ ಇರಲಿಲ್ಲ. ಅವ್ವ ಹುಷಾರಾಗಿರಲಿ ಎಂದು ಮಗ, ನೆರೆಯವರು ಹುಷಾರಾಗಿರಲಿ ಎಂದು ಅವ್ವ. ಎಲ್ಲರೂ ಕಾಳಜಿಯವರೇ. ದ್ವೇಷದಿಂದ ಕಳಿಸುವವನು ಒಂದು ಸಲವಾದರೂ ಯೋಚಿಸಿಯಾನು. ಕಾಳಜಿಗೆ ಅಷ್ಟೂ ಪುರುಸೊತ್ತಿಲ್ಲ.

ನಾನು ಎಲ್ಲ ಗ್ರೂಪಿಗೂ ತಿದ್ದುಪಡಿ ಹಾಕಿದೆ. ‘ಸೇತುವೆ ಸುರಕ್ಷಿತವಾಗಿದೆ. ದಯವಿಟ್ಟು ನಂಬಬೇಡಿ.’ ಯಾರಿಗೆ ಬೇಕು? ಅದರಲ್ಲಿ ಎಮ್ಮೆ ಇರಲಿಲ್ಲ. ಒಬ್ಬರು ಕೈಮುಗಿದ ಚಿತ್ರ ಹಾಕಿದರು. ಇನ್ನೊಬ್ಬರು “ಮುಚ್ಚಿಹಾಕಾಕತ್ತಾರ ನೋಡ್ರಿ” ಎಂದರು. ಮೂರನೆಯವರು ಎಲ್ಲಿಯದೋ ಮುರಿದ ಸೇತುವೆಯ ಫೋಟೋ ಹಾಕಿ ನನ್ನ ಬಾಯಿ ಮುಚ್ಚಿಸಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಸುಬೇದಾರರು ಬೈಯಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ಬೈಕ್ ಚಾಲೂ ಮಾಡಿ, “ಕುಂದರ್ರಿ. ಬ್ರಿಜ್ ಕೆಡವಿದೋರು ನಾವು, ಕಟ್ಟೋರೂ ನಾವ” ಎಂದರು ಅಷ್ಟೇ. ದಾರಿಯುದ್ದಕ್ಕೂ ನಾನು ಕಣ್ಣುಮುಚ್ಚಿ ಭಾಗ್ಯವಂತಿಯನ್ನು ಬೇಡಿಕೊಂಡೆ. ಅವಳ ಹೆಸರು ಹಾಕಿಯೇ ಸುಳ್ಳು ಬರೆದಿದ್ದೆ, ಯಾವ ಮುಖ ಇಟ್ಟುಕೊಂಡು ಬೇಡುವುದು? ಆದರೂ ಬೇಡಿದೆ.

ಅಫಜಲಪುರದ ಮನೆಯಲ್ಲಿ ಶೇಂಗಾ ಹೋಳಿಗೆಯ ರಾಶಿ, ಅದರ ಮುಂದೆ ಸೆರಗಿನಿಂದ ಕಣ್ಣೊರೆಸಿಕೊಳ್ಳುವ ತಂಗಿ. ನನ್ನ ಮುಖವನ್ನೂ ನೋಡಲಿಲ್ಲ. ಮದುಮಗಳಾಗುವವಳು ಎಲ್ಲಿ ಎಂದರೆ, “ಗೆಳತಿ ಮನಿಗೆ ಹೋಗಿ ಬರ್ತೇನಿ ಅಂತ ಸ್ಕೂಟಿ ತೊಗೊಂಡು ಹೋದಾಕಿ ತಾಸಾತು, ಬಂದಿಲ್ಲ” ಎಂದಳು ಅತ್ತ ತಿರುಗಿಯೇ.

ಹತ್ತು ನಿಮಿಷಕ್ಕೆ ತಂಗಿಯ ಮೊಬೈಲಿಗೆ ಭಾಗ್ಯಶ್ರೀ ಕಳಿಸಿದ ವಿಡಿಯೋ ಬಂತು.

ರೇಷ್ಮೆ ಸೀರೆ, ಮುಡಿ ತುಂಬ ಹೂವು, ಹಿಂದೆ ಭೀಮಾ ನದಿ. ಹುಡುಗಿ ಘತ್ತರಗಿ ಸೇತುವೆಯ ನಟ್ಟನಡುವೆ ನಿಂತಿದ್ದಳು. ಬಸ್ಸೊಂದು ಹಾರ್ನ್ ಹೊಡೆಯುತ್ತ ಪಕ್ಕದಲ್ಲೇ ಹೋಯಿತು. ಅವಳು ಮೊದಲು ಹುಡುಗನಿಗೇ ವಿಡಿಯೋ ಕಾಲ್ ಮಾಡಿ ಫೋನನ್ನು ಅಜ್ಜನ ಕೈಗೆ ಕೊಡಿಸಿದ್ದಳಂತೆ. (“ಹುಡುಗನ ನಂಬರ್ ಇಕಿಗೆ ಎಲ್ಲಿಂದ ಬಂತ?” ಎಂದು ತಂಗಿ ಆ ದುಃಖದಲ್ಲೂ ಕೇಳಿದಳು. ತಾಯಿ ತಾಯಿಯೇ.)

“ಅಜ್ಜಾರ, ನಮಸ್ಕಾರ್ರಿ. ನಾ ಬ್ರಿಜ್ ಮ್ಯಾಲ ನಿಂತೇನಿ. ಇದು ಬಿದ್ದದ ಅಂದ್ರ ನಾ ಎಲ್ಲಿ ನಿಂತೇನಿ ನೀವ ಹೇಳ್ರಿ” ಎಂದು ಕೇಳಿದಳಂತೆ. ಅಜ್ಜ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು, ಕಂಬಗಳನ್ನು ಒಂದೊಂದಾಗಿ ತೋರಿಸವ್ವ ಎಂದರಂತೆ. ತೋರಿಸಿದಳು. ಕೊನೆಗೆ ಅವರೆಂದದ್ದು: “ಹಂಗಾರ ಅಲ್ಲೇ ನಿಂದರ್ವಾ ತಂಗಿ. ನಾವ ಬರೂತನ ಅಲ್ಲಾಡಬ್ಯಾಡ.”

ದೇವಿ ಬೇಡ ಅಂದಳು ಎನ್ನುತ್ತಿದ್ದವರನ್ನು ಸೇತುವೆಯ ಮೇಲೆ ಎದುರುಗೊಂಡು, ಅದೇ ದೇವಿಯ ಗುಡಿಗೆ ಕರೆದೊಯ್ದು, ಕಾಯಿ ಒಡೆಸಿಕೊಂಡು ನಮ್ಮ ಹುಡುಗಿ ಮನೆಗೆ ಬಂದಳು. ಮುಂದೆ ಅವಳ ಸ್ಕೂಟಿ, ಹಿಂದೆ ಬೀಗರ ಕ್ರೂಸರ್ ಗಾಡಿ. ಸುಬೇದಾರರು ಎದ್ದು ನಿಂತು ಅವಳಿಗೆ ಸೆಲ್ಯೂಟ್ ಹೊಡೆದರು. ನನಗೆ ಕಣ್ಣು ತುಂಬಿ ಬಂತು, ಅದನ್ನು ಒಲೆಯ ಹೊಗೆಯ ಮೇಲೆ ಹಾಕಿದೆ. (ತಂಗಿಯ ಮನೆಯಲ್ಲಿರುವುದು ಗ್ಯಾಸ್ ಒಲೆ.)

ಊಟಕ್ಕೆ ಕೂತಾಗ ಸುಬೇದಾರರು ಎರಡನೇ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಅಭ್ಯಾಸದ ಫಲಿತಾಂಶ ಹೇಳಿದರು. “ಮೂವತ್ತು ಮಂದಿ ಗಂಡಸ್ರು. ನಾಕ ತಿಂಗಳ ಟ್ರೇನಿಂಗ್. ಒಬ್ಬಾಂವರೆ ಹೋಗಿ ನೋಡಲಿಲ್ಲ ರೈಟರ್ ಸಾಬ್. ಈ ಹುಡುಗಿ ಒಬ್ಬಾಕಿ ಹೋಗಿ ನೋಡಿದ್ಳು. ಇಷ್ಟ ವರ್ಷ ನಾ ಕಲಿಸಿದ್ದು ಇದೊಂದೇ ಪಾಠ.”

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮಲ್ಲಿ ಗಾದೆಯೇ ಇದೆ. ನಾವೀಗ ಪ್ರತ್ಯಕ್ಷವನ್ನೂ ಬಿಟ್ಟಿದ್ದೇವೆ, ಪ್ರಮಾಣವನ್ನೂ ಬಿಟ್ಟಿದ್ದೇವೆ. ಬಂದದ್ದನ್ನು ಮುಂದಕ್ಕೆ ದಬ್ಬುವುದಷ್ಟೇ ಉಳಿದಿದೆ. ದಬ್ಬುವವರನ್ನು ಬೈಯಲು ನನಗೆ ಮುಖವಿಲ್ಲ. ಬರೆದವನು ನಾನು. ಎಚ್ಚರಿಕೆಯ ಸಾಲು ಚಂದ ಕಾಣುವುದಿಲ್ಲ ಎಂದು ಕಿತ್ತವನೂ ನಾನೇ. ಬೀಗರಿಗೂ ಅಭ್ಯಾಸದ ಕಥೆಯನ್ನೆಲ್ಲ ಹೇಳಿ, ತಂಗಿಯ ಕೈಹಿಡಿದು ತಪ್ಪಾಯಿತು ಎಂದೆ. “ಮದಿವಿ ಮುಗಿಯೂತನ ಫೋನ್ ಮುಟ್ಟಬ್ಯಾಡ” ಎಂದು ಮೂರು ಹೋಳಿಗೆ ಬಡಿಸಿದಳು. ಕ್ಷಮೆ ಸಿಕ್ಕಿತು ಎಂದೇ ತಿಳಿದುಕೊಂಡೆ.

ಬರುವ ತಿಂಗಳು ಮದುವೆ. ಮೊನ್ನೆ ಮುಹೂರ್ತ ಗೊತ್ತಾಯಿತು. ಫೋನ್ ಮುಟ್ಟಬೇಡ ಅಂದಿದ್ದರೂ ಸೋದರಮಾವನಲ್ಲವೇ, ತಡೆಯಲಾಗಲಿಲ್ಲ. ಎರಡೂ ಮನೆಯವರಿರುವ ಗ್ರೂಪಿಗೆ ನಾನೇ ಖುದ್ದಾಗಿ ಬರೆದು ಹಾಕಿದೆ. ಅಲಂಕಾರ ಇಲ್ಲ, ಎಮ್ಮೆ ಇಲ್ಲ. ದಿನ, ವೇಳೆ, ಸ್ಥಳ, ತಮ್ಮೆಲ್ಲರಿಗೂ ಸ್ವಾಗತ. ಅಷ್ಟೇ.

ಐದು ನಿಮಿಷಕ್ಕೆ ಜೇವರ್ಗಿಯ ಅಜ್ಜನಿಂದ ಧ್ವನಿ ಸಂದೇಶ ಬಂತು: “ಬೀಗರ, ಇದು ಖರೇ ಮದಿವಿನೋ, ಅಭ್ಯಾಸದ್ದೋ?”