ದೂರು ವಿಭಾಗದ ಅಕ್ಕನ ಮುನಿಸು

ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಫೋನು ಎತ್ತುವ ಕೆಲಸ ಅಕ್ಕನದು. ವಯಸ್ಸಿನಲ್ಲಿ ದೊಡ್ಡವರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ದೂರು ಬರೆದುಕೊಂಡು ಫಿಟ್ಟರನಿಗೆ ದಾಟಿಸಿದರೆ ಕೆಲಸ ಮುಗಿಯಿತು. ಅಕ್ಕನಿಗೆ ಮಾತ್ರ ಮುಗಿಯುತ್ತಿರಲಿಲ್ಲ. ಉಳಿದವರು ಚಹಾಕ್ಕೆ ಎದ್ದು ಹೋದಾಗ ತಾನೇ ದೂರು ಕೊಟ್ಟ ಮನೆಗಳಿಗೆ ಫೋನು ಮಾಡಿ, "ನೀರು ಬಂತೇನಮ್ಮ? ಕೆಂಪಗಿದ್ರೆ ಸ್ವಲ್ಪ ಹೊತ್ತು ಹರಿಯೋಕೆ ಬಿಡಿ," ಎಂದು ವಿಚಾರಿಸಿಕೊಳ್ಳುವಳು. ಯಾರೂ ಹೇಳಿಕೊಟ್ಟದ್ದಲ್ಲ, ಸಂಬಳದಲ್ಲಿ ಸೇರಿದ್ದೂ ಅಲ್ಲ.

ವಿಭಾಗದ ಮೇಲ್ವಿಚಾರಕಿ ನಿವೃತ್ತಳಾದಾಗ ಆ ಕುರ್ಚಿ ಅಕ್ಕನದೇ ಎಂದು ಜವಾನನಿಂದ ಹಿಡಿದು ಎಲ್ಲರೂ ಅಂದುಕೊಂಡಿದ್ದರು. ಬಂದು ಕೂತದ್ದು ಮ್ಯಾನೇಜರರ ನಾದಿನಿ. ಅವಳಿಗೆ ಕೆಲಸ ಕಲಿಸಿದ್ದೇ ಅಕ್ಕ. ಹೊಟ್ಟೆ ಉರಿಯದೆ ಇರುತ್ತದೆಯೇ? "ನಿಮ್ದೂ ಮುಂದೆ ನೋಡೋಣ," ಎಂದರು ಮ್ಯಾನೇಜರು, ಅವಳ ಮುಖ ನೋಡದೆ.

ಅಕ್ಕ ಮುನಿಸಿಕೊಂಡಳು. ಜಗಳವಾಡಲಿಲ್ಲ, ಅರ್ಜಿ ಹಾಕಲಿಲ್ಲ. ಫೋನು ಎತ್ತಿದರೆ "ವಿಳಾಸ ಹೇಳಿ. ಆಯ್ತು, ಕಳಿಸ್ತೀವಿ." ಅಷ್ಟೇ. ಚಹಾದ ಹೊತ್ತಿನ ಫೋನುಗಳು ನಿಂತವು. ಯಾರಾದರೂ ಬಂದು "ಏನಾಯ್ತಕ್ಕ?" ಎಂದು ಕೇಳಲಿ, ಮುಖದ ಮೇಲೆ ಹೊಡೆದ ಹಾಗೆ ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದು ಕಾದಳು. ಸಂಜೆ ತನ್ನ ಒಂದೇ ಕೋಣೆಯ ಮನೆಯಲ್ಲಿ ಪಾತ್ರೆ ತೊಳೆಯುತ್ತ ಆ ಮಾತುಗಳನ್ನು ಗೋಡೆಗೆ ಒಪ್ಪಿಸುವಳು. ಗೋಡೆಯಾದರೂ ಎಷ್ಟೆಂದು ಕೇಳೀತು!

ಯಾರೂ ಕೇಳಲಿಲ್ಲ. ದೂರು ಹೇಳುವವರು ಕೂಡ ಮೊದಲಿನ ಅಕ್ಕ ಎಲ್ಲಿ ಎನ್ನಲಿಲ್ಲ. ಅವರಿಗೆ ನಲ್ಲಿಯಲ್ಲಿ ನೀರು ಬಂದರೆ ಸಾಕಿತ್ತು, ಅದರಲ್ಲಿ ಅವರ ತಪ್ಪೂ ಇಲ್ಲ.

ವರ್ಷದ ಕೊನೆಯ ಸಭೆಯಲ್ಲಿ ಮ್ಯಾನೇಜರು ಅವಳನ್ನು ಎದ್ದು ನಿಲ್ಲಲು ಹೇಳಿದರು. ಅಕ್ಕ ಸೆರಗು ಸರಿಮಾಡಿಕೊಂಡು ಎದ್ದಳು. ಅಂತೂ ತನ್ನ ಮುನಿಸು ಕಣ್ಣಿಗೆ ಬಿತ್ತಲ್ಲ, ಈಗ ಕೇಳುತ್ತಾರೆ.

"ಇವರನ್ನ ನೋಡಿ ಕಲೀರಿ," ಎಂದರು ಅವರು. "ಮೊದ್ಲು ಮಾತು ಜಾಸ್ತಿ ಇತ್ತು. ಈಗ ಎಷ್ಟು ಬೇಕೋ ಅಷ್ಟೇ. ಈ ವರ್ಷ ಇವರಷ್ಟು ದೂರು ತಗೊಂಡೋರು ಯಾರೂ ಇಲ್ಲ. ಹೀಗೇ ಇರಿ ಅಕ್ಕ."

ಚಪ್ಪಾಳೆ ಬಿತ್ತು. ನಾದಿನಿ, ಪಾಪ, ಎಲ್ಲರಿಗಿಂತ ಜೋರಾಗಿ, ಮನಸಾರೆ ತಟ್ಟಿದಳು. ಇಷ್ಟು ವರ್ಷಗಳಲ್ಲಿ ಅಕ್ಕನಿಗೆ ಸಿಕ್ಕ ಮೊದಲ ಹೊಗಳಿಕೆ ಅದು. ಕಣ್ಣಲ್ಲಿ ನೀರು ಬಂತು. ಸಂತೋಷಕ್ಕೆ ಎಂದುಕೊಂಡು ಎಲ್ಲರೂ ಇನ್ನೊಮ್ಮೆ ತಟ್ಟಿದರು.

ಮರುದಿನ ಅಕ್ಕ ಹೊತ್ತಿಗೆ ಸರಿಯಾಗಿ ಬಂದು ಕೂತು, ಫೋನು ಎತ್ತಿ "ವಿಳಾಸ ಹೇಳಿ," ಎಂದಳು. ಯಾರಾದರೂ ಕೇಳಲಿ ಎಂದು ಈಗ ಕಾಯುತ್ತಿರಲಿಲ್ಲ.