ಬ್ಯಾಂಕಿನೊಳಗೆ ಉಳಿದ ಟ್ರೇ

ಗೋವರ್ಧನ ಬೆಟ್ಟವನ್ನು ಕಿರುಬೆರಳಲ್ಲಿ ಎತ್ತಿದವನಿಗೆ ಒಂದು ಅನುಕೂಲವಿತ್ತು. ಬೆಟ್ಟದ ಮೇಲೆ ಬಿಸಿ ಹಾಲಿನ ಲೋಟ ಇರಲಿಲ್ಲ, ಅದನ್ನು ಎತ್ತಿಕೊಂಡು ಬ್ಯುನಸ್ ಐರಿಸ್‌ನ ಬಸ್ಸುಗಳ ನಡುವೆ ರಸ್ತೆ ದಾಟಬೇಕಾಗಿಯೂ ಇರಲಿಲ್ಲ. ನಮ್ಮ ಎವಾರಿಸ್ತೊ ಲೊಸಾದಾ ಇವೆರಡನ್ನೂ ಬೆಳಗಿನಿಂದ ಸಂಜೆಯವರೆಗೆ, ಕಪ್ಪು ಬೋ ಟೈ ಕಟ್ಟಿಕೊಂಡು, ಮುಖದಲ್ಲಿ ಒಂದು ಗೆರೆಯೂ ಕದಲದಂತೆ ಮಾಡುತ್ತಿದ್ದ. ಮೂಲೆಯ ಕಾಫಿ ಹೋಟೆಲಿನ ಸಪ್ಲೈಯರ್ ಅವನು. ಸುತ್ತಲಿನ ಕಚೇರಿಗಳಿಗೆಲ್ಲ ಕಾಫಿ ಒಯ್ಯುವುದು ಅವನ ಕೆಲಸ. ಎಡಗೈಯ ಐದು ಬೆರಳ ತುದಿಯ ಮೇಲೆ ನಿಕ್ಕಲ್ ಲೇಪದ ದುಂಡು ಟ್ರೇ, ಟ್ರೇ ಮೇಲೆ ಕಾಫಿ, ಕಾಫಿಯ ಮೇಲೆ ನೊರೆ. ಆ ನೊರೆಯ ಒಂದು ಗುಳ್ಳೆಯೂ ಒಡೆದದ್ದನ್ನು ಯಾರೂ ಕಂಡಿರಲಿಲ್ಲ. ಬ್ರೇಕು ತಪ್ಪಿದ ಬಸ್ಸೊಂದು ಮೈಮೇಲೆ ಬಂದಾಗ ಅವನು ಬುಗುರಿಯಂತೆ ಒಂದು ಸುತ್ತು ತಿರುಗಿ ಹಾಗೆಯೇ ಮುಂದೆ ನಡೆದನೆಂದೂ, ಪಾರಿವಾಳಗಳು ಕಟ್ಟಡವೆಂದು ತಿಳಿದು ಟ್ರೇ ಅಂಚಿನಲ್ಲಿ ಕೂರುತ್ತಿದ್ದವೆಂದೂ ಹೇಳುವವರಿದ್ದರು. ನಿದ್ದೆಯಲ್ಲೂ ಅವನ ಎಡ ಅಂಗೈ ಸೂರಿನ ಕಡೆಗೇ ತೆರೆದಿರುತ್ತದೆಂದು ಹೇಳಿದವಳು ಅವನ ಹೆಂಡತಿ. ಆದ್ದರಿಂದ ಅದನ್ನು ನಂಬಲೇಬೇಕು.

ಎದುರಿನ ಪತ್ರಿಕೆ ಅಂಗಡಿ ನನ್ನದು. ಅವನು ದಾಟುವ ರಸ್ತೆ ನನ್ನ ಕಣ್ಣೆದುರಿನ ರಂಗಭೂಮಿ. ಹಾಗಾಗಿ ಮುಂದಿನದನ್ನು ಧೈರ್ಯವಾಗಿ ಬರೆಯುತ್ತಿದ್ದೇನೆ.

ನಮ್ಮಲ್ಲಿ ಬೇಸಿಗೆ ಡಿಸೆಂಬರಿಗೆ ಬರುತ್ತದೆ; ಆ ಬೇಸಿಗೆಯಲ್ಲಿ ದೇಶಕ್ಕೇ ತಲೆ ತಿರುಗಿತ್ತು. ಬ್ಯಾಂಕಿನಲ್ಲಿಟ್ಟ ಹಣವನ್ನು ತೆಗೆಯುವಂತಿಲ್ಲವೆಂದು ಡಿಸೆಂಬರಿನಲ್ಲಿ ಸರ್ಕಾರ ಆಜ್ಞೆ ಹೊರಡಿಸಿತು. ವಾರಕ್ಕಿಷ್ಟು ಚಿಲ್ಲರೆ ಮಾತ್ರ ಸಿಗುತ್ತಿತ್ತು. ಡಾಲರು ಇಟ್ಟವರಿಗೆ ಅದು ಡಾಲರಾಗಿ ಬರುತ್ತದೋ ನಮ್ಮ ಪೆಸೊ ಆಗಿಯೋ, ಬರುವುದೇ ಇಲ್ಲವೋ, ತಿಳಿಯದು. ಬೆಳಗಿನ ಪತ್ರಿಕೆಯಲ್ಲಿದ್ದ ನಿಯಮ ಸಂಜೆಯ ಪತ್ರಿಕೆಯ ಹೊತ್ತಿಗೆ ಬದಲಾಗುತ್ತಿತ್ತು. ಎರಡೂ ಪತ್ರಿಕೆ ಮಾರುತ್ತಿದ್ದ ನನಗೆ ಅದರಿಂದ ನಷ್ಟವೇನೂ ಇರಲಿಲ್ಲ. ಅಧ್ಯಕ್ಷರ ಭವನದಲ್ಲಿ ಯಾರಿದ್ದಾರೆಂದು ಕೇಳಿದರೆ, ಈಗ ಗಂಟೆ ಎಷ್ಟು ಎಂದು ತಿರುಗಿ ಕೇಳಬೇಕಾದ ಕಾಲ.

ಜನ ಬ್ಯಾಂಕುಗಳ ಗಾಜು ಒಡೆದರು. ಬ್ಯಾಂಕಿನವರು ಗಾಜಿದ್ದಲ್ಲಿ ಉಕ್ಕಿನ ತಗಡು ಹೊಡೆಸಿದರು. ಜನ ತಗಡಿಗೆ ಬಡಿಯತೊಡಗಿದರು. ಹೋಟೆಲಿನ ಪಕ್ಕದ ಬ್ಯಾಂಕಿನ ಮುಂದೆ ಈ ಸೇನೆಗೆ ದಂಡನಾಯಕಿ ದೋನ್ಯಾ ಕ್ಲೊತಿಲ್ದೆ, ಅಂದರೆ ಕ್ಲೊತಿಲ್ದೆ ಅಮ್ಮನವರು, ನಿವೃತ್ತ ಪಿಯಾನೊ ಟೀಚರು. ನಲವತ್ತು ವರ್ಷ ಮಂದಿಯ ಮಕ್ಕಳ ಬೇಸುರು ಕೇಳಿ ಕೂಡಿಸಿದ್ದೆಲ್ಲ ಆ ತಗಡಿನ ಹಿಂದಿತ್ತು. ಆಕೆಯ ಆಯುಧ, ಮಾಂಸದ ತುಂಡನ್ನು ತೆಳ್ಳಗೆ ಬಡಿಯುವ, ಮುಖಕ್ಕೆ ಹಲ್ಲುಗಳಿರುವ ಅಡುಗೆಮನೆಯ ಕೊಡತಿ. ಮುತ್ತಿನ ಸರ ಹಾಕಿಕೊಂಡು, ತುಟಿಗೆ ಬಣ್ಣ ಹಚ್ಚಿಕೊಂಡು ಬಂದು, ಬೆಳಗ್ಗೆ ಹತ್ತಕ್ಕೆ ಸರಿಯಾಗಿ "ಕಳ್ಳರು" ಎಂದು ಶುರುಮಾಡುತ್ತಿದ್ದರು.

ಎವಾರಿಸ್ತೊನಿಗೆ ಅಲ್ಲಿ ಬಿಡಿಕಾಸೂ ಇರಲಿಲ್ಲ. ಅವನು ಬ್ಯಾಂಕನ್ನು ನಂಬಿದವನಲ್ಲ, ಹಿಟ್ಟಿನ ಡಬ್ಬವನ್ನು ನಂಬಿದವನು. ಅವನ ಸಂಕಟವೇ ಬೇರೆ. ಗಾಜು ಒಡೆದ ದಿನ ಅವನು ಒಳಗೆ ಕಾಫಿ ಕೊಡುತ್ತಿದ್ದ. ಕಾವಲುಗಾರ ಬೆನೀತೆಸ್ ಅವನ ಕಾಲರು ಹಿಡಿದು ಹಿಂಬಾಗಿಲಿನಿಂದ ಹೊರಗೆ ದೂಡಿದ. ಟ್ರೇ ಮಾತ್ರ ಉಪ ಮ್ಯಾನೇಜರ್ ರಿವಾರೊಲಾ ಅವರ ಮೇಜಿನ ಮೇಲೆ ಉಳಿಯಿತು. ಮರುದಿನ ಗಾಜಿನ ಜಾಗಕ್ಕೆ ತಗಡು ಹೊಡೆದರು.

ಹೋಟೆಲಿನ ಮಾಲೀಕ ಹೊಸ ಟ್ರೇ ಕೊಟ್ಟ. ಎವಾರಿಸ್ತೊ ಅದನ್ನು ಎತ್ತಿದ, ನಾಲ್ಕು ಹೆಜ್ಜೆ ನಡೆದ, ಎರಡು ಬಿಸಿ ಕಾಫಿಯನ್ನು ಒಬ್ಬ ನೋಟರಿಯ ಬಿಳಿ ಪ್ಯಾಂಟಿನ ಮೇಲೆ ಸುರಿದ. ಬೀದಿಯೇ ಸ್ತಬ್ಧವಾಯಿತು. ಪೆಸೊ ಬೆಲೆ ಬಿದ್ದಾಗ ಕೂಡ ಅಷ್ಟು ಮೌನ ಇರಲಿಲ್ಲ. ಮಾರನೆಯ ದಿನವೂ ಚೆಲ್ಲಿದ.

"ಇನ್ನೊಂದ್ಸಲ ಚೆಲ್ಲಿದ್ರೆ ನಿನ್ನನ್ನ ಪಾತ್ರೆ ತೊಳಿಯೋಕೆ ಹಾಕ್ತೀನಿ ನೋಡು," ಎಂದ ಮಾಲೀಕ.

"ಕೈ ನನ್ನದೇ, ಟ್ರೇ ನನ್ನದಲ್ಲ," ಎಂದ ಎವಾರಿಸ್ತೊ.

ಆ ವಾರ ತಗಡಿನ ಮೇಲಿನ ಗದ್ದಲದ ನಡುವೆ ಹೊಸ ಸ್ವರವೊಂದು ಕೇಳತೊಡಗಿತು. ಎಲ್ಲ ಕಡೆ ದಡಬಡ, ದೋನ್ಯಾ ಕ್ಲೊತಿಲ್ದೆ ಹೊಡೆಯುವಲ್ಲಿ ಮಾತ್ರ ಗಂಟೆಯಂತೆ "ಟಣ್". ರಸ್ತೆ ದಾಟುತ್ತಿದ್ದ ಎವಾರಿಸ್ತೊ ನಡುರಸ್ತೆಯಲ್ಲೇ ನಿಂತುಬಿಟ್ಟ. ಟ್ಯಾಕ್ಸಿಯವನೊಬ್ಬ ಅವನ ತಾಯಿಯನ್ನು ನೆನೆದ. ಇವನಿಗೆ ಕೇಳಿಸಲಿಲ್ಲ. ಹೋಗಿ ದೋನ್ಯಾ ಪಕ್ಕದಲ್ಲಿ ನಿಂತ.

"ದೋನ್ಯಾ, ಅದು ನನ್ನ ಟ್ರೇ."

"ಯಾವುದಪ್ಪಾ?"

"ನೀವು ಹೊಡೀತಿರೋದು. ತಗಡು ತೂತು ಬಿದ್ದಿದೆ ನೋಡಿ ಇಲ್ಲಿ. ಒಳಗಿಂದ ನನ್ನ ಟ್ರೇ ಅಡ್ಡ ಕೊಟ್ಟಿದಾರೆ. ಅದರ ದನಿ ನಂಗೊತ್ತು. ಸ್ವಲ್ಪ ಆಚೆ ಹೊಡೀರಿ."

"ಆಚೆ ಎಲ್ಲಾ ಬೇಸುರು ಕಣಯ್ಯಾ. ಇದೊಂದೇ ಜಾಗ ಶ್ರುತೀಲಿರೋದು. ದುಡ್ಡಂತೂ ಹೋಯ್ತು, ಕಿವಿಯನ್ನೂ ಕಳ್ಕೋಬೇಕಾ ನಾನು?" ಎಂದು ಆಕೆ ಮತ್ತೆ ಕೊಡತಿ ಎತ್ತಿದರು. ಟಣ್. ಎವಾರಿಸ್ತೊ ತನ್ನ ಹಲ್ಲಿಗೇ ಹೊಡೆದಂತೆ ಮುಖ ಹಿಂಡಿಕೊಂಡ.

ತಗಡಿನಲ್ಲಿ ಒಬ್ಬರು ನುಸುಳುವಷ್ಟು ಸಣ್ಣ ಬಾಗಿಲೊಂದಿತ್ತು. ಅದನ್ನು ತಟ್ಟಿದ. ಬೆನೀತೆಸ್ ಮೂಗು ಹೊರಹಾಕಿದ.

"ಖಾತೆ ಇದ್ದೋರಿಗೆ ಮಾತ್ರ ಒಳಗೆ. ಆರ್ಡರು."

"ನನ್ನನ್ನ ಇಷ್ಟು ವರ್ಷದಿಂದ ನೋಡ್ತಿದೀಯ. ನಿಂಗೆ ಮೂರು ಚಮಚ ಸಕ್ಕರೆ."

"ನಾಲ್ಕು. ಆದರೂ ಆರ್ಡರು ಆರ್ಡರೇ, ದೊನ್ ಎವಾರಿಸ್ತೊ."

ಮಾರನೆಯ ಬೆಳಗ್ಗೆ ಎವಾರಿಸ್ತೊ ಮದುವೆಯ ಕೋಟು ಹಾಕಿಕೊಂಡು ಬಂದು ಬ್ಯಾಂಕಿನ ಬಾಗಿಲ ಸಾಲಿನಲ್ಲಿ ನಿಂತ. ಕೈಯಲ್ಲಿ ಹಿಟ್ಟು ಮೆತ್ತಿದ ನೋಟುಗಳ ಒಂದು ಸಣ್ಣ ಕಟ್ಟು. ಅವನ ಮುಂದಿದ್ದ ದಪ್ಪ ಮನುಷ್ಯ ಕೇಳಿದ:

"ನಿಮ್ದೆಷ್ಟು ಸಿಕ್ಕಾಕ್ಕೊಂಡಿದೆ?"

"ಇನ್ನೂ ಇಲ್ಲ. ಹಾಕೋಕೆ ಬಂದೆ."

"ಏನು ಹಾಕೋಕೆ?"

"ದುಡ್ಡು. ಬ್ಯಾಂಕಿಗೆ."

ಮಾತು ಸಾಲಿನುದ್ದಕ್ಕೂ ಬಾಯಿಂದ ಬಾಯಿಗೆ ಹರಿಯಿತು. ಒಂದೊಂದೇ ಸುತ್ತಿಗೆ ಕೆಳಗಿಳಿಯಿತು. ತಗಡು ಹೊಡೆದಂದಿನಿಂದ ಪೊಲೀಸರಿಗೆ, ಪಾದ್ರಿಗೆ, ಗುಡುಗು ಮಳೆಗೆ ಸಾಧ್ಯವಾಗದ ನಿಶ್ಶಬ್ದವನ್ನು ಎವಾರಿಸ್ತೊ ಒಂದು ಮಾತಿನಿಂದ ಸಾಧಿಸಿದ. ಇವನು ಬ್ಯಾಂಕಿನ ಕಡೆಯ ಗೂಢಚಾರನೆಂದು ಕೆಲವರು, ಒಳಗಿನ ಸುದ್ದಿ ತಿಳಿದ ಜಾಣನೆಂದು ಕೆಲವರು. ಒಬ್ಬಾತನಂತೂ "ಹಾಗಾದ್ರೆ ನಾವೂ ಹಾಕ್ಬೇಕಾ?" ಎಂದು ಹೆಂಡತಿಯನ್ನು ಕೇಳಿ ಬೈಸಿಕೊಂಡ.

"ಬುದ್ಧಿ ನೆಟ್ಟಗಿದೆಯೇನಯ್ಯಾ?" ದೋನ್ಯಾ ಕ್ಲೊತಿಲ್ದೆ ಅವನ ಹಣೆ ಮುಟ್ಟಿ ನೋಡಿದರು. "ಜ್ವರ ಇಲ್ಲ," ಎಂದು ಜನರಿಗೆ ಸಾರಿದರು.

ಒಳಗೆ ನಡೆದದ್ದನ್ನು ನನಗೆ ಹೇಳಿದವನು ಬೆನೀತೆಸ್. ಹಣ ಕಟ್ಟಲು ಮನುಷ್ಯನೊಬ್ಬ ತಾನಾಗಿ ಬಂದಿದ್ದಾನೆಂದಾಗ ಒಳಗಿನವರು ಮೊದಲು ಮೇಜಿನ ಕೆಳಗೆ ನೋಡಿದರಂತೆ, ಬಾಂಬು ಇರಬಹುದೆಂದು. ಹಣ ತೆಗೆದುಕೊಳ್ಳುವ ಕಿಟಕಿಯನ್ನು ಹೇಗೆ ತೆರೆಯುವುದೆಂದು ಯಾರಿಗೂ ನೆನಪಾಗಲಿಲ್ಲ. ಅದರ ಬೀಗದ ಕೈ ಹುಡುಕಲು ಮೂವರು ಹೋದರು, ಇಬ್ಬರು ಮರಳಿದರು. ಉಪ ಮ್ಯಾನೇಜರ್ ರಿವಾರೊಲಾ, ಹಾಲಿಗೆ ನಾಲ್ಕೇ ಹನಿ ಕಾಫಿ ಹಾಕಿಸಿಕೊಳ್ಳುವ ಮೆತ್ತನೆಯ ಮನುಷ್ಯ, ಆ ಹಿಟ್ಟಿನ ನೋಟುಗಳನ್ನು ಎರಡೂ ಕೈ ಚಾಚಿ ತೆಗೆದುಕೊಂಡರು.

"ಲೊಸಾದಾ, ನೀವೊಬ್ಬರಾದ್ರೂ ನಮ್ಮನ್ನ ನಂಬಿದ್ರಲ್ಲ."

"ಇಲ್ಲ ಸಾರ್. ಖಾತೆ ಆಯ್ತಾ?"

"ಆಯ್ತು."

"ಹಾಗಾದ್ರೆ ನನ್ನ ಟ್ರೇ ಕೊಡಿ."

ಟ್ರೇ ಗೋಡೆಯ ಪಕ್ಕದಲ್ಲಿ, ತಗಡಿನ ತೂತಿಗೆ ಒತ್ತಿಕೊಂಡು ನಿಂತಿತ್ತು. ಅದರ ಬೆನ್ನಿಗೆ ಕಡತದ ಬೀರುವನ್ನು ಆನಿಸಿದ್ದರು. ಅದನ್ನು ತೆಗೆದರೆ ತೂತು ತೆರೆಯುತ್ತದೆಂದು ರಿವಾರೊಲಾ ಬೇಡಿಕೊಂಡರು. ಬೇಕಾದರೆ ಬೆಳ್ಳಿಯದೇ ಕೊಡಿಸುವುದಾಗಿ ಹೇಳಿದರು.

"ಬೆಳ್ಳಿ ಜಾರುತ್ತೆ," ಎಂದವನೇ ಎವಾರಿಸ್ತೊ ಬೀರುವಿಗೆ ಹೆಗಲು ಕೊಟ್ಟ.

ಟ್ರೇ ಬಂತು. ತೂತಿನಿಂದ ಬಿಸಿಲಿನ ಕೋಲೊಂದು ಒಳಗೆ ಬಿತ್ತು, ಮರುಕ್ಷಣ ಕಪ್ಪಾಯಿತು. ಕೊಡತಿ ಎತ್ತಿದ್ದ ದೋನ್ಯಾ ಕ್ಲೊತಿಲ್ದೆ ಅಲ್ಲಿ ಕಣ್ಣಿಟ್ಟಿದ್ದರು. ರಿವಾರೊಲಾ ಅವರ ಮುಖಕ್ಕೂ ಆ ಕಣ್ಣಿಗೂ ನಡುವೆ ಒಂದು ಗೇಣು ಜಾಗ.

"ನೀವೇನಾ ರಿವಾರೊಲಾ?"

"ಹೌದು ದೋನ್ಯಾ."

"ಇಷ್ಟು ಸಣ್ಣಗಿದೀರಿ. ನಾನು ದಪ್ಪ ಮನುಷ್ಯ ಅಂದ್ಕೊಂಡು ಬೈತಿದ್ದೆ."

"ನಂದೂ ಇಲ್ಲೇ ಸಿಕ್ಕಿಬಿದ್ದಿದೆ ದೋನ್ಯಾ. ನಂಗೂ ಕೊಡ್ತಿಲ್ಲ."

"ಹಾಗಾದ್ರೆ ನಾನು ಯಾರನ್ನ ಬೈಲಿ?" ಎಂದರು ದೋನ್ಯಾ. ರಿವಾರೊಲಾ ಬೆನೀತೆಸ್‌ನ ಮುಖ ನೋಡಿದರು, ಬೆನೀತೆಸ್ ಸೂರು ನೋಡಿದ.

ಹೊರಗಿದ್ದವರಿಗೆ ಕಂಡದ್ದು ಇಷ್ಟು: ಲೊಸಾದಾ ಒಳಹೊಕ್ಕ, ಕೋಟೆಯಲ್ಲಿ ಬಿರುಕು ಬಿತ್ತು. ಅವನು ಟ್ರೇ ಹಿಡಿದು ಸಣ್ಣ ಬಾಗಿಲಿನಿಂದ ಹೊರಬಂದಾಗ ಬೀದಿ ಬೀದಿಯೇ ಅವನ ಹೆಸರು ಕೂಗಿತು. ಗೂಢಚಾರನೆಂದವನೇ ಅವನನ್ನು ಹೆಗಲ ಮೇಲೆ ಎತ್ತಿದ. ಅಲ್ಲಿಯೂ ಟ್ರೇ ಬೆರಳ ತುದಿಯ ಮೇಲೆ ಕದಲದೆ ನಿಂತಿತ್ತು. ಟೀವಿಯವನೊಬ್ಬ ಮೈಕು ಚಾಚಿ, ಶತ್ರುವಿನ ಗುಹೆಗೆ ಒಬ್ಬನೇ ನುಗ್ಗುವ ಈ ಯುದ್ಧತಂತ್ರ ಹೇಗೆ ಹೊಳೆಯಿತೆಂದು ಕೇಳಿದ. ಎವಾರಿಸ್ತೊ ಟ್ರೇಯನ್ನು ಬಿಸಿಲಿಗೆ ಓರೆ ಹಿಡಿದು ನೋಡುತ್ತಿದ್ದ. ನಡುವೆ ಕೊಡತಿಯ ಹಲ್ಲಿನ ಗುರುತು, ಲೋಟದ ಬುಡದಷ್ಟು ತಗ್ಗು.

"ಇಲ್ಲಿ ಹಾಲಿನದು ಕೂರುತ್ತೆ. ಪರವಾಗಿಲ್ಲ," ಎಂದ.

ದೋನ್ಯಾ ಕ್ಲೊತಿಲ್ದೆ ಜನರನ್ನು ಸರಿಸಿಕೊಂಡು ಬಂದರು. ಅವನ ಹಣವೂ ಈಗ ತಗಡಿನ ಹಿಂದೆ ಸೇರಿತ್ತು. ಇನ್ನು ಎಂದು ಬರುತ್ತದೋ ದೇವರೇ ಬಲ್ಲ. ಆಕೆ ಗಂಭೀರವಾಗಿ, ರಾಜ ಪಟ್ಟದ ಕತ್ತಿ ಕೊಡುವಂತೆ, ಕೊಡತಿಯನ್ನು ಅವನ ಮುಂದೆ ಹಿಡಿದರು.

"ಇವತ್ತಿಂದ ನೀನೂ ನಮ್ಮವನೇ. ತಗೋ, ಮೊದಲನೇ ಏಟು ನಿಂದು."

ಎವಾರಿಸ್ತೊ ಟ್ರೇಯನ್ನು ಎದೆಗವಚಿಕೊಂಡ.

"ಬೇಡಿ ದೋನ್ಯಾ. ಹೊಡೆದ್ರೆ ಕೈ ನಡುಗುತ್ತೆ. ಹನ್ನೊಂದಕ್ಕೆ ಕಾಫಿ ಒಯ್ಯಬೇಕು."

"ಎಲ್ಲಿಗೆ?"

"ಒಳಗೆ. ಈಗ ಖಾತೆ ಇದೆಯಲ್ಲ, ಬಿಡ್ತಾರೆ."